ಒಪ್ಪಿಕೊಳ್ಳದ ಋಣ: ಚಲನ ನಿಯಮಗಳ ಚರಿತ್ರೆಯಿಂದ ಒಂದು ನೀತಿವಿಚಾರ

ವ್ಯಾಪಾರದಲ್ಲಿ ಎರಡು ಬಗೆಯ ಋಣಗಳುಂಟು. ಬರೆದಿಟ್ಟ ಋಣ ಒಂದು, ಬರೆಯದೆ ಉಳಿದ ಋಣ ಇನ್ನೊಂದು. ಕಿರ್ದಿಯಲ್ಲಿ ದಾಖಲಾದ ಸಾಲಕ್ಕೆ ಕಾಗದವಿದೆ, ಸಾಕ್ಷಿಯಿದೆ, ಕೊನೆಗೆ ನ್ಯಾಯಾಲಯವೂ ಇದೆ. ಆದರೆ ಒಬ್ಬನು ಮಾತಿನ ನಡುವೆ ಕೊಟ್ಟ ಸೂಚನೆ, ತಪ್ಪು ದಾರಿಯಲ್ಲಿ ಸಾಗಿದ್ದವನನ್ನು ತಡೆದು ನಿಲ್ಲಿಸಿದ ಪ್ರಶ್ನೆ, ಇವುಗಳಿಗೆ ಚೀಟಿಯಿಲ್ಲ, ಬಡ್ಡಿಯಿಲ್ಲ, ವಾಯಿದೆಯೂ ಇಲ್ಲ. ಪಡೆದವನು ಮರೆತರೆ ಕೇಳುವವರಿಲ್ಲ. ಇಂತಹ ಋಣವನ್ನು ಒಪ್ಪಿಕೊಳ್ಳದಿರುವುದು ಕಳವೆ? ಕಳವಲ್ಲವಾದರೆ ಅದು ದೋಷವೇ ಅಲ್ಲವೆ? ಈ ಪ್ರಶ್ನೆಯನ್ನು ವಿಚಾರಿಸಲು ಚಲನ ನಿಯಮಗಳ ಚರಿತ್ರೆಗಿಂತ ಉತ್ತಮವಾದ ದೃಷ್ಟಾಂತ ದೊರೆಯುವುದು ಕಷ್ಟ.

ಶಾಲೆಯ ಮಕ್ಕಳು ಕಲಿಯುವ ಮೂರು ನಿಯಮಗಳು ಎಲ್ಲರಿಗೂ ಪರಿಚಿತ. ಹೊರಗಿನ ಬಲವೊಂದು ಬಾಧಿಸದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಸರಳರೇಖೆಯಲ್ಲಿ ಒಂದೇ ವೇಗದಿಂದ ಚಲಿಸುತ್ತಲೇ ಇರುತ್ತದೆ. ಚಲನೆಯಲ್ಲಿ ಉಂಟಾಗುವ ಬದಲಾವಣೆಯು ಬಲಕ್ಕೆ ಅನುಗುಣವಾಗಿ, ಬಲವು ವರ್ತಿಸುವ ದಿಕ್ಕಿನಲ್ಲಿಯೇ ಆಗುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯುಂಟು. ಐಸಾಕ್ ನ್ಯೂಟನ್ನನು 1687ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದ ಆರಂಭದಲ್ಲಿ ಇವು ಬಂದಿವೆ. ಆದುದರಿಂದ ಇವು ನ್ಯೂಟನ್ನನ ನಿಯಮಗಳು. ಹೀಗೆ ಹೇಳುವುದು ತಪ್ಪಲ್ಲ, ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ.

ಮೊದಲನೆಯ ನಿಯಮವನ್ನೇ ನೋಡಬಹುದು. ತಳ್ಳುವವನು ಕೈ ಬಿಟ್ಟ ಮೇಲೂ ಎಸೆದ ಕಲ್ಲು ಮುಂದಕ್ಕೆ ಹೋಗುವುದೇಕೆ ಎಂಬ ಪ್ರಶ್ನೆ ಬಹಳ ಹಳೆಯದು. ಕಲ್ಲಿನ ಸುತ್ತಲಿನ ಗಾಳಿಯೇ ಅದನ್ನು ನೂಕುತ್ತದೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದನು. ಗಾಳಿ ನೂಕುವುದಿಲ್ಲ, ಎಸೆಯುವವನೇ ಕಲ್ಲಿಗೆ ಒಂದು ಶಕ್ತಿಯನ್ನು ಕೊಟ್ಟಿರುತ್ತಾನೆಂದು ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್ ಆಕ್ಷೇಪಿಸಿದನು. ಆ ವಿಚಾರವನ್ನು ಮುಂದೆ ಪರ್ಷಿಯಾದ ಇಬ್ನ್ ಸೀನಾ, ಹದಿನಾಲ್ಕನೆಯ ಶತಮಾನದ ಪ್ಯಾರಿಸ್ಸಿನ ಬುರಿಡಾನ್ ಮುಂತಾದವರು ಬೇರೆ ಬೇರೆ ರೀತಿಗಳಲ್ಲಿ ಬೆಳೆಸಿದರು. ಇಟಲಿಯ ಗೆಲಿಲಿಯೋ ನುಣುಪಾದ ವಾಲು ಹಲಗೆಯ ಮೇಲೆ ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಇಳಿದ ನೀರನ್ನು ತೂಗಿ ಕಾಲವನ್ನು ಅಳೆದನು. ಕಾಲ ಎರಡರಷ್ಟಾದರೆ ಕ್ರಮಿಸಿದ ದೂರ ನಾಲ್ಕರಷ್ಟು, ಕಾಲ ಮೂರರಷ್ಟಾದರೆ ದೂರ ಒಂಬತ್ತರಷ್ಟು ಎಂಬ ನಿಯಮವನ್ನು ಅವನು ಸ್ಥಾಪಿಸಿದನು. 1633ರಲ್ಲಿ ರೋಮಿನ ಧರ್ಮನ್ಯಾಯಮಂಡಳಿಯ ಮುಂದೆ ಮಂಡಿಯೂರಿ ಭೂಮಿಯ ಚಲನೆಯನ್ನು ಅಲ್ಲಗಳೆಯಬೇಕಾಗಿ ಬಂದ ಆ ವೃದ್ಧನು, ಗೃಹಬಂಧನದಲ್ಲಿದ್ದುಕೊಂಡೇ ತನ್ನ ಚಲನಶಾಸ್ತ್ರವನ್ನು ಬರೆದು ಮುಗಿಸಿದನು. ಗ್ರಂಥವು 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಗುವ ಹೊತ್ತಿಗೆ ಅವನು ಕಣ್ಣುಗಳನ್ನು ಕಳೆದುಕೊಂಡಿದ್ದನು. ಬಾಧಿಸದ ವಸ್ತುವಿನ ಚಲನೆ ಸರಳರೇಖೆಯಲ್ಲಿಯೇ ಮುಂದುವರಿಯುತ್ತದೆಂಬುದನ್ನು ಫ್ರಾನ್ಸಿನ ಡೆಕಾರ್ಟ್ 1644ರ ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ನಿಯಮದ ರೂಪದಲ್ಲಿ ಬರೆದನು. ಹೀಗೆ ಒಂದು ಸಾಲಿನ ನಿಯಮದ ಹಿಂದೆ ಸಾವಿರ ವರ್ಷಗಳಿಗೂ ಮೀರಿದ ವಿಚಾರದ ಕೊಡುಕೊಳೆಯಿದೆ.

ನ್ಯೂಟನ್ನನು ಈ ಋಣವನ್ನು ಅರಿಯದವನಾಗಿರಲಿಲ್ಲ. ನಿಯಮಗಳನ್ನು ಹೇಳಿದ ಕೂಡಲೇ ಅವನು ಒಂದು ಟಿಪ್ಪಣಿ ಬರೆದನು. ಮೊದಲೆರಡು ನಿಯಮಗಳ ಬಲದಿಂದಲೇ ಗೆಲಿಲಿಯೋ ಬೀಳುವ ವಸ್ತುಗಳ ಗತಿಯನ್ನು ಕಂಡುಕೊಂಡನೆಂದು ಅಲ್ಲಿ ಹೇಳಿದ್ದಾನೆ. ಮೂರನೆಯ ನಿಯಮಕ್ಕೆ ಸಂಬಂಧಿಸಿದ ಘರ್ಷಣದ ನಿಯಮಗಳನ್ನು ರೆನ್, ವ್ಯಾಲಿಸ್, ಹೈಗೆನ್ಸ್ ಎಂಬ ಮೂವರು ತನಗಿಂತ ಮೊದಲೇ ಕಂಡಿದ್ದರೆಂದು ಹೆಸರಿಟ್ಟು ಹೇಳಿದ್ದಾನೆ. ತೂಗುಬಿಟ್ಟ ಗುಂಡುಗಳನ್ನು ಒಂದಕ್ಕೊಂದು ತಾಗಿಸಿ ರೆನ್ ಮಾಡಿ ತೋರಿಸಿದ್ದ ಪ್ರಯೋಗವನ್ನು ಸ್ಮರಿಸಿ, ತಾನೂ ಹತ್ತು ಅಡಿ ಉದ್ದದ ಲೋಲಕಗಳಿಂದ ಅದನ್ನು ಪರೀಕ್ಷಿಸಿ ನೋಡಿದ ವಿವರವನ್ನು ಕೊಟ್ಟಿದ್ದಾನೆ. ವಾಸ್ತವವಾಗಿ ಗೆಲಿಲಿಯೋಗೆ ಅವನು ಸಲ್ಲಬೇಕಾದುದಕ್ಕಿಂತ ಹೆಚ್ಚನ್ನೇ ಸಲ್ಲಿಸಿದನು, ಏಕೆಂದರೆ ಎರಡನೆಯ ನಿಯಮವನ್ನು ಆ ರೂಪದಲ್ಲಿ ಗೆಲಿಲಿಯೋ ಎಲ್ಲಿಯೂ ಹೇಳಿರಲಿಲ್ಲ. ಆದರೆ ಸರಳರೇಖೆಯ ಮಾತನ್ನು ಸ್ಪಷ್ಟವಾಗಿ ಬರೆದ ಡೆಕಾರ್ಟ್‌ನ ಹೆಸರು ಆ ಟಿಪ್ಪಣಿಯಲ್ಲಿ ಇಲ್ಲ. ಇಲ್ಲಿಂದಲೇ ಲೆಕ್ಕ ಏರುಪೇರಾಗತೊಡಗುತ್ತದೆ.

ಇದಕ್ಕಿಂತ ದೊಡ್ಡ ಏರುಪೇರು ರಾಬರ್ಟ್ ಹುಕ್ ಎಂಬವನ ವಿಷಯದಲ್ಲಿ ಆಯಿತು. 1635ರಲ್ಲಿ ಹುಟ್ಟಿದ ಹುಕ್ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿದ್ವತ್ಸಭೆಯಲ್ಲಿ ಪ್ರಯೋಗಗಳನ್ನು ನಡೆಸಿ ತೋರಿಸುವ ಕೆಲಸದಲ್ಲಿದ್ದನು. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಚಿತ್ರಸಹಿತವಾಗಿ 1665ರಲ್ಲಿ ಪ್ರಕಟಿಸಿದವನು ಅವನೇ. ಸ್ಪ್ರಿಂಗಿನ ಹಿಗ್ಗುವಿಕೆಯು ಎಳೆಯುವ ಬಲಕ್ಕೆ ಅನುಗುಣವಾಗಿರುತ್ತದೆಂಬ ನಿಯಮಕ್ಕೆ ಇಂದಿಗೂ ಅವನ ಹೆಸರೇ ಇದೆ. ಆಕಾಶದ ಎಲ್ಲ ಗೋಳಗಳಿಗೂ ತಮ್ಮ ಕೇಂದ್ರದ ಕಡೆಗೆ ಸೆಳೆಯುವ ಶಕ್ತಿಯುಂಟು, ಯಾವುದಾದರೂ ಬಲ ಬಾಗಿಸುವ ತನಕ ವಸ್ತುಗಳು ನೇರವಾಗಿಯೇ ಚಲಿಸುತ್ತವೆ, ಸಮೀಪವಾದಷ್ಟೂ ಸೆಳೆತ ಹೆಚ್ಚು ಎಂಬ ಮೂರು ಮಾತುಗಳನ್ನು ಅವನು 1674ರಲ್ಲಿಯೇ ಅಚ್ಚು ಮಾಡಿಸಿದ್ದನು. 1679ರ ನವೆಂಬರಿನಲ್ಲಿ ಸಭೆಯ ಕಾರ್ಯದರ್ಶಿಯಾಗಿ ಅವನು ಕೇಂಬ್ರಿಜಿನಲ್ಲಿದ್ದ ನ್ಯೂಟನ್ನನಿಗೆ ಪತ್ರ ಬರೆದು ಒಂದು ವಿಚಾರವನ್ನು ಮುಂದಿಟ್ಟನು. ಗ್ರಹದ ಚಲನೆಯನ್ನು ಎರಡು ಚಲನೆಗಳ ಕೂಡಿಕೆಯೆಂದು ತಿಳಿಯಬಹುದು, ಸ್ಪರ್ಶರೇಖೆಯ ದಿಕ್ಕಿನ ನೇರ ಚಲನೆ ಒಂದು, ಸೂರ್ಯನ ಕಡೆಗೆ ಎಳೆಯುವ ಚಲನೆ ಇನ್ನೊಂದು, ಇದರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದನು.

ಇಂದು ಇದು ಸಾಮಾನ್ಯ ಮಾತಾಗಿ ತೋರುತ್ತದೆ. ಅಂದು ಹಾಗಿರಲಿಲ್ಲ. ಅಲ್ಲಿಯ ತನಕ ನ್ಯೂಟನ್ನನೂ ಸೇರಿದಂತೆ ವಿದ್ವಾಂಸರು, ದಾರಕ್ಕೆ ಕಟ್ಟಿ ತಿರುಗಿಸಿದ ಕಲ್ಲಿನ ಹಾಗೆ ಗ್ರಹವು ಹೊರಕ್ಕೆ ಸಿಡಿಯಲು ತವಕಿಸುತ್ತದೆಂದು ಭಾವಿಸಿ ಲೆಕ್ಕ ಹಾಕುತ್ತಿದ್ದರು. ಹೊರಕ್ಕೆ ಸಿಡಿಯುವುದನ್ನು ಬಿಟ್ಟು ಒಳಕ್ಕೆ ಎಳೆಯುವುದನ್ನು ನೋಡು ಎಂದು ಹುಕ್ ದಿಕ್ಕನ್ನು ತಿರುಗಿಸಿದನು. ಮುಂದಿನ ಪತ್ರಗಳಲ್ಲಿ ಬೀಳುವ ವಸ್ತುವಿನ ದಾರಿಯನ್ನು ಕುರಿತು ನ್ಯೂಟನ್ನನು ಮಾಡಿದ ತಪ್ಪೊಂದನ್ನು ಅವನು ತೋರಿಸಿಕೊಟ್ಟನು. ಅದನ್ನು ಸಭೆಯ ಮುಂದೆಯೇ ಓದಿ ಹೇಳಿದ್ದು ನ್ಯೂಟನ್ನನ ಮನಸ್ಸಿಗೆ ನಾಟಿತು. 1680ರ ಜನವರಿಯ ಪತ್ರದಲ್ಲಿ, ಸೆಳೆತವು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆಂಬ, ಅಂದರೆ ದೂರ ಎರಡರಷ್ಟಾದರೆ ಸೆಳೆತ ನಾಲ್ಕರಲ್ಲೊಂದು ಪಾಲಾಗುತ್ತದೆಂಬ ತನ್ನ ಊಹೆಯನ್ನೂ ಹುಕ್ ತಿಳಿಸಿದನು. ನ್ಯೂಟನ್ನನು ಮಾರುತ್ತರ ಬರೆಯಲಿಲ್ಲ. ಏಕಾಂತದಲ್ಲಿ ಲೆಕ್ಕ ಮಾಡಿ, ಆ ಸೆಳೆತದಿಂದ ಗ್ರಹದ ಪಥವು ದೀರ್ಘವೃತ್ತವಾಗುತ್ತದೆಂದು ಕಂಡುಕೊಂಡು, ಕಾಗದವನ್ನು ಬದಿಗಿಟ್ಟನು.

ನಾಲ್ಕು ವರ್ಷಗಳ ಅನಂತರ, 1684ರ ಜನವರಿಯಲ್ಲಿ, ರೆನ್, ಹುಕ್ ಹಾಗೂ ಎಡ್ಮಂಡ್ ಹ್ಯಾಲಿ ಎಂಬ ತರುಣ ಖಗೋಳಜ್ಞ ಲಂಡನ್ನಿನಲ್ಲಿ ಇದೇ ಸಮಸ್ಯೆಯನ್ನು ಚರ್ಚಿಸಿದರು. ಎರಡು ತಿಂಗಳೊಳಗೆ ಪ್ರಮಾಣ ತಂದವರಿಗೆ 40 ಷಿಲಿಂಗ್ ಬೆಲೆಯ ಪುಸ್ತಕವನ್ನು ಕೊಡುವೆನೆಂದು ರೆನ್ ಹೇಳಿದನು. ಪ್ರಮಾಣ ತನ್ನಲ್ಲಿದೆ, ಉಳಿದವರು ಯತ್ನಿಸಿ ಸೋತ ಮೇಲೆ ಅದರ ಬೆಲೆ ತಿಳಿಯಲೆಂದು ಸದ್ಯ ಮರೆಮಾಡಿದ್ದೇನೆಂದು ಹುಕ್ ಹೇಳಿದನು. ತಿಂಗಳುಗಳು ಕಳೆದರೂ ಅವನಿಂದ ಏನೂ ಬರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹ್ಯಾಲಿಯು ಕೇಂಬ್ರಿಜಿಗೆ ಹೋಗಿ ನ್ಯೂಟನ್ನನನ್ನು ಕೇಳಿದನು. ಪಥವು ದೀರ್ಘವೃತ್ತವೆಂದು ನ್ಯೂಟನ್ನನು ಒಡನೆಯೇ ಉತ್ತರಿಸಿದನು. ಹೇಗೆ ಗೊತ್ತು ಎಂದರೆ, ಲೆಕ್ಕ ಮಾಡಿದ್ದೇನೆ ಎಂದನು. ಕಾಗದ ಮಾತ್ರ ಆ ಹೊತ್ತಿಗೆ ಸಿಗಲಿಲ್ಲ. ನವೆಂಬರಿನಲ್ಲಿ ಅವನು ಕಳುಹಿಸಿಕೊಟ್ಟ ಕಿರುಪ್ರಬಂಧವೇ ಮುಂದೆ ‘ಪ್ರಿನ್ಸಿಪಿಯಾ’ ಆಗಿ ಬೆಳೆಯಿತು.

1686ರ ಏಪ್ರಿಲಿನಲ್ಲಿ ಮೊದಲ ಸಂಪುಟದ ಹಸ್ತಪ್ರತಿ ಸಭೆಗೆ ಬಂದೊಡನೆ ಹುಕ್ ಆಕ್ಷೇಪವೆತ್ತಿದನು. ಹ್ಯಾಲಿಯು ಅದನ್ನು ನ್ಯೂಟನ್ನನಿಗೆ ಮೃದುವಾಗಿ ತಿಳಿಸಿದನು. ಹುಕ್ ಕೇಳಿದ್ದು ಏನು? ಸೆಳೆತದ ನಿಯಮ ತನ್ನಿಂದ ದೊರೆತದ್ದು, ಪಥಗಳ ಗಣಿತ ಪ್ರಮಾಣ ಮಾತ್ರ ಪೂರ್ಣವಾಗಿ ನ್ಯೂಟನ್ನನದೇ, ಆದ್ದರಿಂದ ಮುನ್ನುಡಿಯಲ್ಲಿ ತನ್ನ ಹೆಸರಿನ ಒಂದು ಉಲ್ಲೇಖವಿರಲಿ ಎಂದಷ್ಟೇ. ನ್ಯೂಟನ್ನನು ಕೆರಳಿದನು. ದುಡಿದು ಎಲ್ಲವನ್ನೂ ಸಿದ್ಧಮಾಡುವ ಗಣಿತಜ್ಞನು ಬರಿಯ ಲೆಕ್ಕದ ಆಳಾಗಬೇಕೆ, ಏನನ್ನೂ ಮಾಡದೆ ಎಲ್ಲಕ್ಕೂ ಕೈಚಾಚುವವನು ಕೀರ್ತಿಯನ್ನು ಒಯ್ಯಬೇಕೆ ಎಂದು ಕೇಳಿದನು. ಮೂರನೆಯ ಸಂಪುಟವನ್ನೇ ಪ್ರಕಟಿಸುವುದಿಲ್ಲವೆಂದನು. ಹ್ಯಾಲಿಯ ಸಮಾಧಾನದ ಮಾತುಗಳಿಂದ ಆ ಸಂಪುಟ ಉಳಿಯಿತು. ಆದರೆ ಹಸ್ತಪ್ರತಿಯಲ್ಲಿದ್ದ ಹುಕ್‌ನ ಉಲ್ಲೇಖಗಳನ್ನು ನ್ಯೂಟನ್ನನು ತಗ್ಗಿಸಿದನು. ಕೊನೆಗೆ ಮೊದಲ ಸಂಪುಟದ ಒಂದು ಟಿಪ್ಪಣಿಯಲ್ಲಿ, ರೆನ್ ಮತ್ತು ಹ್ಯಾಲಿಯವರ ಹೆಸರುಗಳ ನಡುವೆ ಹುಕ್‌ನ ಹೆಸರನ್ನು ಸೇರಿಸಿ, ಮೂವರೂ ಬೇರೆ ಬೇರೆಯಾಗಿ ಈ ನಿಯಮವನ್ನು ಗಮನಿಸಿದ್ದರೆಂದು ಬರೆದನು. ಮುನ್ನುಡಿಯಲ್ಲಿ ಅವನ ಹೆಸರು ಬರಲಿಲ್ಲ. ವಿಶೇಷವೆಂದರೆ, ಅದೇ 1686ರ ಜುಲೈನಲ್ಲಿ ಹ್ಯಾಲಿಗೆ ಬರೆದ ಖಾಸಗಿ ಪತ್ರದಲ್ಲಿ, ಪಥಗಳನ್ನು ಕಂಡುಹಿಡಿಯುವ ವಿಧಾನ ತನಗೆ ಹೊಳೆಯಲು ಹುಕ್‌ನ ಪತ್ರಗಳೇ ನಿಮಿತ್ತವಾದವೆಂದು ನ್ಯೂಟನ್ನನು ಒಪ್ಪಿಕೊಂಡಿದ್ದನು. ಖಾಸಗಿಯಾಗಿ ಒಪ್ಪಿದ ಋಣವು ಅಚ್ಚಿನ ಪುಟಕ್ಕೆ ಏರಲಿಲ್ಲ.

ಇಲ್ಲಿ ತೀರ್ಪು ಹೇಳಲು ಅವಸರಪಡಬಾರದು. ನ್ಯೂಟನ್ನನ ಪಕ್ಷದಲ್ಲಿ ಬಲವಾದ ನ್ಯಾಯವಿದೆ. ಊಹೆ ಬೇರೆ, ಪ್ರಮಾಣ ಬೇರೆ. ವಿಲೋಮ ವರ್ಗದ ಊಹೆ ಹುಕ್‌ನ ಸ್ವಂತದ್ದೂ ಅಲ್ಲ, ಫ್ರಾನ್ಸಿನ ಬುಲಿಯೊ 1645ರಲ್ಲಿಯೇ ಅದನ್ನು ಪ್ರಸ್ತಾಪಿಸಿದ್ದನು. ವೃತ್ತಾಕಾರದ ಪಥಗಳಿಗೆ ಅನ್ವಯಿಸಿ ನ್ಯೂಟನ್ನನೂ ತಾರುಣ್ಯದಲ್ಲಿಯೇ ಅದನ್ನು ಲೆಕ್ಕಮಾಡಿಕೊಂಡಿದ್ದನು. ಹುಕ್ ತನ್ನ ಬಾಕಿಯನ್ನು ತಪ್ಪು ಬಾಬಿನಲ್ಲಿ ಕೇಳಿದನೆಂದೇ ಹೇಳಬೇಕು. ಅವನು ನಿಜವಾಗಿ ಕೊಟ್ಟದ್ದು ವಿಲೋಮ ವರ್ಗವನ್ನಲ್ಲ, ಗ್ರಹಚಲನೆಯನ್ನು ನೇರ ಚಲನೆ ಮತ್ತು ಒಳಸೆಳೆತಗಳ ಕೂಡಿಕೆಯಾಗಿ ನೋಡುವ ದೃಷ್ಟಿಯನ್ನು. ಆದರೆ ಸಾಲ ಕೊಟ್ಟವನು ಬಾಬನ್ನು ತಪ್ಪಾಗಿ ಹೇಳಿದನೆಂದು ಸಾಲವು ಇಲ್ಲವಾಗುವುದಿಲ್ಲ. ಅವನು ಒರಟಾಗಿ ಕೇಳಿದನೆಂದು ಮೊತ್ತವು ಕಡಿಮೆಯಾಗುವುದೂ ಇಲ್ಲ. ಪಡೆದವನಿಗೆ ಸರಿಯಾದ ಲೆಕ್ಕ ಗೊತ್ತಿರುವಾಗ ಅದನ್ನು ಸರಿಪಡಿಸಿ ಸಲ್ಲಿಸುವುದೇ ಸಾಹುಕಾರಿಕೆ.

ಹಾಗಾದರೆ ಇದು ಕಳವೆ? ಕೊಡದಿದ್ದುದನ್ನು ತೆಗೆದುಕೊಳ್ಳುವ ಅದತ್ತಾದಾನವೇ ಕಳವೆಂದರೆ, ಇದು ಕಳವಲ್ಲ, ಏಕೆಂದರೆ ಹುಕ್ ತಾನಾಗಿಯೇ ಪತ್ರ ಬರೆದು ಕೊಟ್ಟಿದ್ದನು. ಇದರ ಪಕ್ಕದಲ್ಲಿ ಇನ್ನೊಂದು ಚರಿತ್ರೆಯನ್ನಿಟ್ಟು ನೋಡಬೇಕು. ಡೆನ್ಮಾರ್ಕಿನ ಟೈಕೋ ಬ್ರಾಹೆ ಜೀವನವಿಡೀ ಬರಿಗಣ್ಣಿನಿಂದ ಗ್ರಹಗಳ ಸ್ಥಾನಗಳನ್ನು ಅಳೆದಿಟ್ಟು 1601ರಲ್ಲಿ ತೀರಿಕೊಂಡನು. ಅವನ ಉತ್ತರಾಧಿಕಾರಿಗಳು ಎಚ್ಚರದಿಂದಿರದ ಸಮಯದಲ್ಲಿ ಆ ದಾಖಲೆಗಳನ್ನು ತಾನು ವಶಪಡಿಸಿಕೊಂಡೆನೆಂದು ಸಹಾಯಕನಾಗಿದ್ದ ಕೆಪ್ಲರ್ ಮುಂದೆ ಪತ್ರವೊಂದರಲ್ಲಿ ಒಪ್ಪಿಕೊಂಡನು. ಅದು ಅದತ್ತಾದಾನವೇ ಸರಿ. ಆದರೆ ಮಂಗಳ ಗ್ರಹದ ಲೆಕ್ಕದಲ್ಲಿ ತನ್ನ ಸಿದ್ಧಾಂತಕ್ಕೂ ಟೈಕೋನ ಅಳತೆಗೂ ಎಂಟು ಕಲೆಗಳಷ್ಟು, ಅಂದರೆ ಹುಣ್ಣಿಮೆಯ ಚಂದ್ರಬಿಂಬದ ಅಗಲದ ಸುಮಾರು ನಾಲ್ಕರಲ್ಲೊಂದು ಪಾಲಿನಷ್ಟು ಅಂತರ ಕಂಡಾಗ, ಕೆಪ್ಲರ್ ತನ್ನ ಸಿದ್ಧಾಂತವನ್ನೇ ಕೈಬಿಟ್ಟನು. ಟೈಕೋನಂತಹ ಜಾಗರೂಕ ವೀಕ್ಷಕನು ಅಷ್ಟು ತಪ್ಪಲಾರನೆಂದು 1609ರ ತನ್ನ ಗ್ರಂಥದಲ್ಲಿ ಬಹಿರಂಗವಾಗಿ ಬರೆದನು. ದೀರ್ಘವೃತ್ತದ ನಿಯಮ ಹುಟ್ಟಿದ್ದು ಆ ಎಂಟು ಕಲೆಗಳಿಂದ. ಕೊಡದಿದ್ದುದನ್ನು ತೆಗೆದುಕೊಂಡ ಕೆಪ್ಲರ್ ಋಣವನ್ನು ಒಪ್ಪಿಕೊಂಡನು. ಕೊಟ್ಟದ್ದನ್ನೇ ಪಡೆದ ನ್ಯೂಟನ್ನನು ಒಪ್ಪಿಕೊಳ್ಳಲಿಲ್ಲ. ಆದುದರಿಂದ ಋಣವನ್ನು ಮರೆಮಾಡುವ ದೋಷವು ಕಳವಿಗಿಂತ ಭಿನ್ನವಾದುದು. ಅದು ಲೆಕ್ಕದಲ್ಲಿ ಸುಳ್ಳು ಬರೆಯುವ ದೋಷ, ಸತ್ಯದ ವಿಷಯದಲ್ಲಿ ತಪ್ಪುವ ದೋಷ.

ಇಲ್ಲಿ ಮನುಷ್ಯಸ್ವಭಾವದ ಒಂದು ಗುಟ್ಟೂ ತೋರಿಬರುತ್ತದೆ. ನ್ಯೂಟನ್ನನು ಗೆಲಿಲಿಯೋಗೆ ಧಾರಾಳವಾಗಿ ಸಲ್ಲಿಸಿದನು, ಗೆಲಿಲಿಯೋ ಪರದೇಶದವನು, ತೀರಿಕೊಂಡು ದಶಕಗಳಾಗಿದ್ದವನು. ರೆನ್‌ಗೂ ಸಲ್ಲಿಸಿದನು, ರೆನ್ ಏನನ್ನೂ ಕೇಳಿರಲಿಲ್ಲ. ಕೇಳಿದ ಹುಕ್‌ಗೆ ಮಾತ್ರ ಕೈ ಬಿಗಿಹಿಡಿದನು. ತಾನು ದೂರ ಕಂಡದ್ದು ದೈತ್ಯರ ಹೆಗಲ ಮೇಲೆ ನಿಂತದ್ದರಿಂದ ಎಂಬ ಅವನ ಪ್ರಸಿದ್ಧವಾದ ವಿನಯದ ಮಾತು ಬಂದಿರುವುದು 1676ರಲ್ಲಿ ಇದೇ ಹುಕ್‌ಗೆ ಬರೆದ ಪತ್ರದಲ್ಲಿ. ಆ ಮಾತು ಕೂಡ ಅವನ ಸ್ವಂತದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಷಾರ್ಟ್ರ್ ಊರಿನ ಬರ್ನಾರ್ಡ್ ಎಂಬ ಉಪಾಧ್ಯಾಯನು ಹೇಳುತ್ತಿದ್ದ ಮಾತೆಂದು ಅದು ಹಿಂದಿನಿಂದ ಬಂದಿತ್ತು. ಪೂರ್ವಿಕರಿಗೆ ಕೈಮುಗಿಯುವುದು ಸುಲಭ, ಅವರು ಪಾಲು ಕೇಳಲು ಬರುವುದಿಲ್ಲ. ಪಕ್ಕದ ಮಣೆಯಲ್ಲಿ ಕುಳಿತವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವಾಗಲೇ ವಿನಯದ ಪರೀಕ್ಷೆಯಾಗುವುದು.

ಗ್ರಹಗಳು ಯಾರ ಹೆಸರಿನಲ್ಲಿದ್ದರೂ ತಿರುಗುತ್ತವೆ, ಸತ್ಯ ದೊರೆತ ಮೇಲೆ ಹೆಸರಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರವು ಇದೇ ಚರಿತ್ರೆಯಲ್ಲಿದೆ. ಹುಕ್ ತನ್ನಲ್ಲಿ ಪ್ರಮಾಣವಿದೆಯೆಂದು ಹೇಳಿ ಮರೆಮಾಡಿದನು. ನ್ಯೂಟನ್ನನು ನಿಜವಾಗಿಯೇ ಪ್ರಮಾಣವನ್ನು ಕಂಡು ನಾಲ್ಕು ವರ್ಷ ಸುಮ್ಮನಿದ್ದನು. ತನ್ನ ಕಲನಗಣಿತವನ್ನಂತೂ ದಶಕಗಳ ಕಾಲ ಅಚ್ಚು ಮಾಡಿಸದೆ ಇಟ್ಟುಕೊಂಡನು. ಜರ್ಮನಿಯ ಲೈಬ್ನಿಜ್ ಸ್ವತಂತ್ರವಾಗಿ ಅದನ್ನು ಕಂಡು 1684ರಲ್ಲಿ ಪ್ರಕಟಿಸಿದಾಗ ವ್ಯಾಜ್ಯ ಬೆಳೆಯಿತು. 1712ರಲ್ಲಿ ವಿಚಾರಣೆಗೆಂದು ರಾಯಲ್ ಸೊಸೈಟಿ ಮಂಡಳಿಯೊಂದನ್ನು ನೇಮಿಸಿತು. ಸೊಸೈಟಿಯ ಅಧ್ಯಕ್ಷನು ನ್ಯೂಟನ್ನನೇ, ಲೈಬ್ನಿಜ್‌ನ ವಿರುದ್ಧವಾದ ವರದಿಯನ್ನು ಬರೆದವನೂ ಅವನೇ. ವಾದಿಯೇ ನ್ಯಾಯಾಧೀಶನಾದ ಈ ತೀರ್ಪಿನಿಂದ ಇಂಗ್ಲೆಂಡಿಗೆ ಲಾಭವಾಗಲಿಲ್ಲ. ಅಲ್ಲಿನ ಗಣಿತಜ್ಞರು ಸ್ವದೇಶಾಭಿಮಾನದಿಂದ ಲೈಬ್ನಿಜ್‌ನ ಅನುಕೂಲಕರವಾದ ಸಂಕೇತಗಳನ್ನು ದೂರವಿಟ್ಟು, ಸುಮಾರು ಒಂದು ಶತಮಾನ ಯುರೋಪಿನ ಇತರ ದೇಶಗಳಿಗಿಂತ ಹಿಂದುಳಿದರು. 1812ರಲ್ಲಿ ಬ್ಯಾಬೇಜ್ ಮೊದಲಾದ ತರುಣರು ಕೇಂಬ್ರಿಜಿನಲ್ಲಿ ಸಂಘ ಕಟ್ಟಿ ಆ ಸಂಕೇತಗಳನ್ನು ತರಲು ಶ್ರಮಿಸಬೇಕಾಯಿತು. ಪೇಟೆಯಲ್ಲಿ ಪತ್ತು ಹೋದರೆ ಸರಕು ಹೊರಗೆ ಬರುವುದಿಲ್ಲ. ವಿದ್ಯೆಯ ಪೇಟೆಯಲ್ಲಿಯೂ ಹಾಗೆಯೇ. ಹೇಳಿದ್ದಕ್ಕೆ ಹೆಸರು ಸಲ್ಲುತ್ತದೆಂಬ ನಂಬಿಕೆಯಿದ್ದರೆ ಮಾತ್ರ ಜನರು ತಮಗೆ ತಿಳಿದುದನ್ನು ತೆರೆದ ಮನಸ್ಸಿನಿಂದ ಹೇಳುತ್ತಾರೆ. ಇಲ್ಲವಾದರೆ ಬಚ್ಚಿಡುತ್ತಾರೆ, ಜ್ಞಾನವೇ ಪರಿಗ್ರಹವಾಗುತ್ತದೆ.

ಈ ನೀತಿಯು ನಮ್ಮ ಮನೆಯ ಲೆಕ್ಕಕ್ಕೂ ಅನ್ವಯಿಸುತ್ತದೆ. ಆಗಮಗಳಲ್ಲಿ ಗತಿಗೆ ಸಹಾಯಕವಾದ ಧರ್ಮದ್ರವ್ಯ, ಸ್ಥಿತಿಗೆ ಸಹಾಯಕವಾದ ಅಧರ್ಮದ್ರವ್ಯಗಳ ವಿವೇಚನೆಯಿದೆ. ಮೀನಿಗೆ ನೀರು, ದಾರಿಹೋಕನಿಗೆ ನೆರಳು ಎಂಬ ದೃಷ್ಟಾಂತಗಳು ಎಲ್ಲರಿಗೂ ತಿಳಿದವು. ಇದನ್ನು ಕಂಡು, ನ್ಯೂಟನ್ನನ ನಿಯಮಗಳನ್ನು ನಮ್ಮ ಹಿರಿಯರು ಮೊದಲೇ ಹೇಳಿದ್ದರೆನ್ನುವ ಆಸೆ ಹುಟ್ಟುವುದು ಸಹಜ. ಆದರೆ ಧರ್ಮದ್ರವ್ಯವು ಯಾವುದನ್ನೂ ತಳ್ಳುವುದಿಲ್ಲ, ಎಳೆಯುವುದಿಲ್ಲ. ಚಲಿಸುವುದಕ್ಕೆ ಉದಾಸೀನವಾದ ನೆರವಾಗಿ ಇರುತ್ತದೆ ಅಷ್ಟೇ. ಗತಿಯು ಯಾವ ಆಶ್ರಯದಿಂದ ಸಾಧ್ಯವಾಗುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಗತಿಯು ಎಷ್ಟು ಬಲದಿಂದ ಎಷ್ಟು ಬದಲಾಗುತ್ತದೆ ಎಂಬುದು ನ್ಯೂಟನ್ನನ ಪ್ರಶ್ನೆ. ಎರಡು ಪ್ರಶ್ನೆಗಳಿಗೂ ತಮ್ಮದೇ ಘನತೆಯಿದೆ. ಒಂದರ ಉತ್ತರವನ್ನು ಇನ್ನೊಂದರ ಖಾತೆಗೆ ಜಮೆ ಮಾಡಿದರೆ ಹಿರಿಯರ ಗೌರವ ಹೆಚ್ಚುವುದಿಲ್ಲ, ನಮ್ಮ ಲೆಕ್ಕ ಮಾತ್ರ ಕೆಡುತ್ತದೆ. ಸಲ್ಲಬೇಕಾದವರಿಗೆ ಸಲ್ಲಿಸುವುದು ಹೇಗೆ ಸತ್ಯವೋ, ಸಲ್ಲದುದನ್ನು ತನ್ನದೆನ್ನದಿರುವುದೂ ಹಾಗೆಯೇ ಸತ್ಯ.

ಕೊನೆಗೆ ಹ್ಯಾಲಿಯ ಮಾತು. ಸಾಬೂನು ತಯಾರಿಸುವ ವರ್ತಕನ ಮಗನಾದ ಅವನು, ನ್ಯೂಟನ್ನನ ಹಸ್ತಪ್ರತಿ ಬಂದಾಗ ಸಭೆಯ ಬೊಕ್ಕಸ ಬರಿದಾಗಿದ್ದುದನ್ನು ಕಂಡನು. ಮೀನುಗಳ ಚರಿತ್ರೆಯೊಂದನ್ನು ದುಬಾರಿ ಚಿತ್ರಗಳೊಂದಿಗೆ ಅಚ್ಚು ಮಾಡಿಸಿ ಸಭೆಯು ಹಣ ಕಳೆದುಕೊಂಡಿತ್ತು. ಹ್ಯಾಲಿಯು ತನ್ನ ಸ್ವಂತ ಹಣದಿಂದ ‘ಪ್ರಿನ್ಸಿಪಿಯಾ’ವನ್ನು ಅಚ್ಚು ಮಾಡಿಸಿದನು, ಕರಡು ತಿದ್ದಿದನು, ಇಬ್ಬರು ಮುಂಗೋಪಿಗಳ ನಡುವೆ ಸಂಧಾನ ನಡೆಸಿದನು. ಸಭೆಯಿಂದ ಬರಬೇಕಾಗಿದ್ದ 50 ಪೌಂಡ್ ಸಂಬಳಕ್ಕೆ ಬದಲಾಗಿ ಅವನಿಗೆ ದೊರೆತದ್ದು ಮಾರಾಟವಾಗದ ಆ ಮೀನಿನ ಪುಸ್ತಕದ 50 ಪ್ರತಿಗಳು. ಅವನೂ ನಿರ್ದೋಷಿಯಲ್ಲ. ಖಗೋಳಜ್ಞ ಫ್ಲ್ಯಾಮ್‌ಸ್ಟೀಡ್‌ನ ವೀಕ್ಷಣೆಗಳನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ 1712ರಲ್ಲಿ ಪ್ರಕಟಿಸುವುದರಲ್ಲಿ ಅವನು ನ್ಯೂಟನ್ನನೊಂದಿಗೆ ಕೈಜೋಡಿಸಿದನು. ಲೆಕ್ಕ ಸರಿಯಾಗಿರಬೇಕಾದರೆ ಇದನ್ನೂ ಬರೆಯಬೇಕು. ಆದರೂ 1687ರಲ್ಲಿ ಅವನು ಮಾಡಿದ ಕೆಲಸಕ್ಕೆ ಸಮನಾದುದು ವಿರಳ. ಪಾಲು ಕೇಳದೆ, ಇನ್ನೊಬ್ಬನ ಸತ್ಯವನ್ನು ಬೆಳಕಿಗೆ ತರಲು ಅವನು ತನ್ನ ಗಂಟನ್ನು ಬಿಚ್ಚಿದನು. ಅದೇ ಗ್ರಂಥದ ಗಣಿತವನ್ನು ಅನ್ವಯಿಸಿ ಧೂಮಕೇತುವೊಂದು 1758ರ ಹೊತ್ತಿಗೆ ಮರಳಿ ಬರುವುದೆಂದು ಹೇಳಿದನು. ಹೇಳಿದಂತೆ ಅದು ಆ ವರ್ಷದ ಕೊನೆಯಲ್ಲಿ ಕಾಣಿಸಿಕೊಂಡಾಗ ಅವನು ತೀರಿಕೊಂಡು ಹದಿನಾರು ವರ್ಷಗಳಾಗಿದ್ದವು. ಅದಕ್ಕೆ ಅವನ ಹೆಸರಿಟ್ಟವರು ಇತರರು. 1986ರಲ್ಲಿ ಬಂದು ಹೋದ ಆ ಧೂಮಕೇತು ಮತ್ತೆ 2061ರಲ್ಲಿ ಬರಲಿದೆ.

ಅಂಗಡಿಯ ಏಳಿಗೆಯನ್ನು ಹೇಳುವಾಗ ಮೊದಲ ಸರಕನ್ನು ಉದ್ದರಿ ಕೊಟ್ಟವನನ್ನು, ಸಂಸ್ಥೆಯ ಸ್ಮರಣ ಸಂಚಿಕೆಯನ್ನು ತರುವಾಗ ಹಳೆಯ ಗುಮಾಸ್ತನನ್ನು, ಕಟ್ಟಡದ ಶಿಲಾಫಲಕವನ್ನು ಬರೆಸುವಾಗ ಯೋಜನೆಯನ್ನು ಮೊದಲು ಸೂಚಿಸಿದವನನ್ನು ನೆನೆಯಲು ಒಂದು ಸಾಲು ಸಾಕು. ಹುಕ್ ಕೇಳಿದ್ದೂ ಒಂದು ಸಾಲನ್ನೇ. ಅದನ್ನು ಬರೆದಿದ್ದರೆ ನ್ಯೂಟನ್ನನ ಗ್ರಂಥದ ಒಂದು ಪ್ರಮಾಣವೂ ಕುಗ್ಗುತ್ತಿರಲಿಲ್ಲ.